ತಾಯಿಗೆ ಉಪದೇಶ ಸಾಕು, ಆಸ್ಪತ್ರೆಯನ್ನು ಕೇಳಿ

ಇವತ್ತು ರಾಜಕೀಯ ಇಲ್ಲ. ಯಾರ ಕುರ್ಚಿ ಅಲ್ಲಾಡ್ತಿದೆ, ಯಾರು ದೆಹಲಿ ವಿಮಾನ ಹತ್ತಿದರು, ಆ ಚರ್ಚೆ ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಹಾಲಿನ ಬಗ್ಗೆ ಮಾತಾಡೋಣ. ಪ್ಯಾಕೆಟ್ ಹಾಲಿನ ದರ ಏರಿಕೆ ಬಗ್ಗೆ ಅಲ್ಲ. ತಾಯಿ ಹಾಲಿನ ಬಗ್ಗೆ.

ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಅಂತ ಆಗುತ್ತೆ. ಒಂದು ಫ್ಲೆಕ್ಸ್, ಒಂದು ದೀಪ, ನಾಲ್ಕು ಭಾಷಣ. ವೇದಿಕೆ ಮೇಲೆ ಸಾಲಾಗಿ ಗಂಡಸರು, ಕೆಳಗೆ ಕೂಸು ಎತ್ತಿಕೊಂಡು ಕೂತ ಬಾಣಂತಿಯರು. ಮೇಲಿನವರು ಕೆಳಗಿನವರಿಗೆ ಹೇಳ್ತಾರೆ: ಎದೆಹಾಲು ಅಮೃತ ಕಣಮ್ಮಾ, ಕುಡಿಸಿ. ಆ ಹೆಣ್ಣುಮಕ್ಕಳು ತಲೆ ಅಲ್ಲಾಡಿಸ್ತಾರೆ. ಪಾಪ, ಅವರಿಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಮಗುವಿಗೆ ಹಾಲು ಕುಡಿಸಬೇಕು ಅನ್ನೋದನ್ನು ತಾಯಿಗೆ ಹೇಳಿಕೊಡೋದಕ್ಕೆ ಜಿಲ್ಲಾ ಉಸ್ತುವಾರಿ ಸಚಿವರೇ ಬರಬೇಕಾ?

ನನ್ನ ತಕರಾರು ಇರೋದೇ ಇಲ್ಲಿ. ಎರಡು ಅಂಕಿ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಎರಡೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು, 2019-21ರ ಐದನೇ ಸುತ್ತಿನವು. ಮೊದಲನೆಯದು 88.6. ನಮ್ಮ ದೇಶದಲ್ಲಿ ನೂರರಲ್ಲಿ ಅಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿದೆ. ಸಂತೋಷದ ಸುದ್ದಿ. ಎರಡನೆಯದು 41.8. ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕ ಮಕ್ಕಳ ಪ್ರಮಾಣ ಇದು. ಅದರ ಹಿಂದಿನ ಸಮೀಕ್ಷೆಯಲ್ಲಿ 41.6 ಇತ್ತು. ಆಸ್ಪತ್ರೆ ಹೆರಿಗೆ ಸುಮಾರು ಹತ್ತು ಅಂಶ ಮೇಲೇರಿತು, ಮೊದಲ ಗಂಟೆಯ ಹಾಲು ಮಾತ್ರ ಇದ್ದಲ್ಲೇ ಇದೆ.

ಈಗ ನೀವೇ ಹೇಳಿ. ಹೆರಿಗೆ ಆಸ್ಪತ್ರೆಯಲ್ಲಿ ಆಯ್ತು. ಡಾಕ್ಟರ್ ಇದ್ದರು, ನರ್ಸ್ ಇದ್ದರು, ಆಯಾ ಇದ್ದರು. ಹಾಗಾದ್ರೆ ಆ ಒಂದು ಗಂಟೆ ಕೂಸು ಎಲ್ಲಿತ್ತು? ತೂಕ ನೋಡೋಕೆ ಹೋಗಿತ್ತು. ಸ್ನಾನಕ್ಕೆ ಹೋಗಿತ್ತು. ಹೊರಗೆ ಕಾಯ್ತಿದ್ದ ನೆಂಟರಿಗೆ ತೋರಿಸೋಕೆ ಹೋಗಿತ್ತು, ಅಲ್ಲಿ ಬಕ್ಷೀಸಿನ ವ್ಯವಹಾರವೂ ಒಂದಿರುತ್ತೆ. ಸಿಸೇರಿಯನ್ ಆಗಿದ್ರಂತೂ ಮುಗಿದೇ ಹೋಯ್ತು, ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಸಿಸೇರಿಯನ್ನಿನಲ್ಲಿ ತಾಯಿಗೆ ಎಚ್ಚರ ಇರುತ್ತೆ. ಇಬ್ಬರೂ ಕ್ಷೇಮವಾಗಿದ್ದರೆ ಮಗುವನ್ನು ಎದೆ ಮೇಲೆ ಮಲಗಿಸಬಹುದು, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡು ನಿಂತರೆ ಸಾಕು. ಆ ಒಬ್ಬರು ಇರಲ್ಲ. ತಪ್ಪು ಯಾರದ್ದು, ತಾಯಿಯದ್ದಾ?

ಹಳೇ ಅಜ್ಜಿಯರನ್ನು ಬೈಯೋದು ನಮಗೆ ಸುಲಭ. ಅವರೂ ಮಾಡ್ತಿದ್ದರು, ಸುಳ್ಳಲ್ಲ. ಮೊದಲ ಎರಡು ಮೂರು ದಿನದ ಹಾಲು ಹಳದಿ ಬಣ್ಣ, ಅಂಟು ಅಂಟು. ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸ್ತಿದ್ದರು. ಕೂಸಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ. ಈಗಲೂ ಕೆಲವು ಮನೆಯಲ್ಲಿ ನಡೀತಿದೆ. ನೋಡಿ ವಿಚಿತ್ರ: ಹಸು ಕರು ಹಾಕಿದ್ರೆ ಬೀದಿಗೆಲ್ಲ ಗಿಣ್ಣು ಹಂಚ್ತೀವಿ. ಏಲಕ್ಕಿ, ಬೆಲ್ಲ ಹಾಕಿ ಕಾಸಿ, ಬಟ್ಟಲು ಕೆರೆದುಕೊಂಡು ತಿಂತೀವಿ. ಕರುವಿಗೆ ಮೊದಲು ಗಿಣ್ಣು ಕುಡಿಸದಿದ್ರೆ ಅದು ಬದುಕಲ್ಲ ಅನ್ನೋದು ಹಳ್ಳಿಯ ಯಾವ ರೈತನಿಗೂ ಗೊತ್ತು. ಅದೇ ರೈತನ ಮನೆ ಒಳಗೆ, ಹೆಂಡತಿಯ ಗಿಣ್ಣು ಹಾಲು ಮಾತ್ರ ಬಚ್ಚಲಿಗೆ.

ಆ ಹಳದಿ ಹಾಲಿನಲ್ಲಿ ಏನಿದೆ? ಮಗುವಿಗೆ ಹೊಟ್ಟೆಯೊಳಗಿದ್ದಾಗ ಹೊಕ್ಕುಳಬಳ್ಳಿಯಿಂದ ಕೆಲವು ರಕ್ಷಣೆ ಬಂದಿರುತ್ತೆ, ಅದು ರಕ್ತದಲ್ಲಿ. ಕರುಳಿಗೆ ಬೇರೆ ಕಾವಲು ಬೇಕು. ಐಜಿಎ ಅನ್ನೋ ಪ್ರತಿಕಾಯ ಈ ಹಾಲಿನಲ್ಲಿ ದಂಡಿಯಾಗಿರುತ್ತೆ. ಅದು ಕರುಳಿನ ಒಳಗೋಡೆಗೆ ಸಾರಿಸಿದ ಹಾಗೆ ಕೂತುಕೊಳ್ಳುತ್ತೆ, ರೋಗಾಣು ಗೋಡೆಗೆ ಅಂಟಿಕೊಳ್ಳದ ಹಾಗೆ ತಡೆಯುತ್ತೆ. ಇನ್ನೂ ಆಶ್ಚರ್ಯದ ಸಂಗತಿ ಒಂದಿದೆ. ತಾಯಿ ಯಾವ ಮನೆಯಲ್ಲಿದ್ದಾಳೋ, ಯಾವ ನೀರು ಕುಡೀತಿದ್ದಾಳೋ, ಅಲ್ಲಿನ ರೋಗಾಣುಗಳು ಅವಳ ಕರುಳಿಗೆ ಹೋಗ್ತವೆ. ಅವಳ ದೇಹ ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸುತ್ತೆ, ಅದು ಹಾಲಿಗೆ ಬರುತ್ತೆ. ಅಂದ್ರೆ ಕಲಬುರಗಿಯ ತಾಯಿ ಹಾಲು ಕಲಬುರಗಿಯ ರೋಗಕ್ಕೆ, ಮಂಗಳೂರಿನ ತಾಯಿ ಹಾಲು ಮಂಗಳೂರಿನ ರೋಗಕ್ಕೆ. ಯಾವ ಕಾರ್ಖಾನೆ ಇದನ್ನು ಡಬ್ಬಿಯಲ್ಲಿ ತುಂಬಿಸುತ್ತೆ ಸ್ವಾಮಿ?

ಇನ್ನೊಂದಿದೆ. ತಾಯಿ ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಸರಪಳಿಗಳಿವೆ. ಪ್ರಮಾಣದಲ್ಲಿ ಹಾಲಿನ ಸಕ್ಕರೆ, ಕೊಬ್ಬು ಬಿಟ್ಟರೆ ಮೂರನೇ ಸ್ಥಾನ ಅದಕ್ಕೇ. ತಮಾಷೆ ಏನಂದ್ರೆ ಅದನ್ನು ಮಗು ಜೀರ್ಣಿಸಿಕೊಳ್ಳೋಕೇ ಆಗಲ್ಲ. ವಿಜ್ಞಾನಿಗಳು ಬಹಳ ಕಾಲ ತಲೆ ಕೆಡಿಸಿಕೊಂಡರು, ಮಗುವಿಗೆ ದಕ್ಕದ ಆಹಾರವನ್ನು ತಾಯಿ ಯಾಕೆ ತಯಾರಿಸ್ತಾಳೆ ಅಂತ. ಉತ್ತರ: ಅದು ಮಗುವಿಗಲ್ಲ, ಮಗುವಿನ ಕರುಳಿನಲ್ಲಿ ನೆಲೆಸಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ. ತಾಯಿ ಮಗುವಿಗೂ ಬಡಿಸ್ತಾಳೆ, ಮಗುವಿನ ಒಳಗೆ ಕಾವಲಿಗೆ ಕೂತವರಿಗೂ ಬಡಿಸ್ತಾಳೆ.

ನೀರಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಬೇಸಿಗೆ ಬಂತು ಅಂದ್ರೆ ಎಲ್ಲರ ಮನೆಯಲ್ಲೂ ಇದೇ ಗಲಾಟೆ. ರಾಯಚೂರಿನಲ್ಲಿ 42 ಡಿಗ್ರಿ ಬಿಸಿಲು, ಕೂಸಿಗೆ ಬಾಯಾರಲ್ವಾ? ಬಾಯಾರುತ್ತೆ, ಹಾಲು ಕೊಡಿ. ತಾಯಿ ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಆರು ತಿಂಗಳು ತುಂಬೋವರೆಗೆ ಬೇರೆ ನೀರಿನ ಹನಿ ಬೇಡ, ಗ್ರೈಪ್ ವಾಟರ್ ಬೇಡ, ಜೇನುತುಪ್ಪವಂತೂ ಒಂದು ವರ್ಷ ತುಂಬೋವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ರೋಗಾಣು ಚಿಕ್ಕ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು, ಮಗುವಿನ ನರ ಸೋಲುತ್ತೆ. ಅಪರೂಪ, ಆದರೆ ಯಾಕೆ ಬೇಕು?

ಈಗ ವಾಟ್ಸಾಪ್ ವಿಶ್ವವಿದ್ಯಾಲಯದ ಕಡೆ ಬರೋಣ. ಎದೆಹಾಲು ಕುಡಿದ ಮಗು ಐಎಎಸ್ ಪಾಸಾಗುತ್ತೆ, ಜೀವನದಲ್ಲಿ ದಪ್ಪವೇ ಆಗಲ್ಲ, ಯಾವ ಕಾಯಿಲೆಯೂ ಹತ್ರ ಸುಳಿಯಲ್ಲ. ಹೀಗೆಲ್ಲ ಬರ್ತಾ ಇರುತ್ತೆ. ಒಳ್ಳೇ ಮಾತನ್ನು ಹೇಳೋದಕ್ಕೆ ಉಪ್ಪುಕಾರ ಹಚ್ಚಬೇಕಾಗಿಲ್ಲ. ಹಚ್ಚಿದ್ರೆ ಏನಾಗುತ್ತೆ ಅಂದ್ರೆ, ಏನೋ ಕಾರಣಕ್ಕೆ ಹಾಲು ಕೊಡಲಾಗದ ತಾಯಿ ಮಗು ಪರೀಕ್ಷೆಯಲ್ಲಿ ಫೇಲಾದಾಗಲೂ ತನ್ನನ್ನೇ ಹಳಿದುಕೊಳ್ತಾಳೆ. ಆದ್ದರಿಂದ ಲೆಕ್ಕ ಸರಿಯಾಗಿ ನೋಡೋಣ.

ಈ ವಿಷಯದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಪರೀಕ್ಷೆ ನಡೆದದ್ದು ಬೆಲಾರೂಸ್‌ನಲ್ಲಿ. ಹಳೇ ಸೋವಿಯತ್ ಒಕ್ಕೂಟದ ಒಂದು ತುಂಡು. 1996-97ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಡಾಕ್ಟರ್ ಮೈಕೆಲ್ ಕ್ರೇಮರ್ ಮುಂದಾಳತ್ವದಲ್ಲಿ. ನಿನಗೆ ಎದೆಹಾಲು, ನಿನಗೆ ಡಬ್ಬಿ ಹಾಲು ಅಂತ ಮಕ್ಕಳನ್ನು ಚೀಟಿ ಎತ್ತಿ ಹಂಚೋದು ಅನ್ಯಾಯ, ಅದನ್ನು ಮಾಡೋ ಹಾಗಿಲ್ಲ. ಅವರು ಒಂದು ಉಪಾಯ ಮಾಡಿದರು. ಮಕ್ಕಳ ಬದಲು ಆಸ್ಪತ್ರೆಗಳನ್ನೇ ಚೀಟಿ ಎತ್ತಿ ಹಂಚಿದರು. ಒಟ್ಟು 31 ಆಸ್ಪತ್ರೆ, 17,046 ತಾಯಿ ಮಕ್ಕಳು. ಅರ್ಧದಷ್ಟು ಆಸ್ಪತ್ರೆಗಳಲ್ಲಿ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಟ್ಟರು: ಮಗುವನ್ನು ತಾಯಿಯಿಂದ ಬೇರೆ ಇಡಬೇಡಿ, ಎದೆಗೆ ಹಿಡಿಸೋದನ್ನು ಪಕ್ಕದಲ್ಲಿ ಕೂತು ಕಲಿಸಿ, ಮನೆಗೆ ಹೋದ ಮೇಲೂ ಕೈಬಿಡಬೇಡಿ. ಉಳಿದ ಆಸ್ಪತ್ರೆಗಳು ಎಂದಿನಂತೆ ನಡೆದವು. ಎರಡೂ ಕಡೆಯ ತಾಯಂದಿರು ಹಾಲು ಕುಡಿಸಬೇಕು ಅಂತಲೇ ಇದ್ದವರು, ಅದು ನೆನಪಿರಲಿ.

ಮೂರು ತಿಂಗಳಾದ ಮೇಲೆ ನೋಡಿದರೆ, ಎಂದಿನಂತೆ ನಡೆದ ಆಸ್ಪತ್ರೆಗಳಲ್ಲಿ ಬರೀ ಎದೆಹಾಲು ಕುಡೀತಿದ್ದ ಮಕ್ಕಳು ನೂರಕ್ಕೆ 6.4. ತರಬೇತಿ ಕೊಟ್ಟ ಕಡೆ 43.3! ತಾಯಂದಿರು ಅದೇ ದೇಶದವರು, ಅವರ ಮನಸ್ಸೂ ಒಂದೇ. ಬದಲಾದದ್ದು ಆಸ್ಪತ್ರೆಯವರ ನಡವಳಿಕೆ ಮಾತ್ರ. ನಾನು ಮೊದಲಿಂದ ಹೇಳ್ತಿರೋದು ಇದೇ ವಿಷಯ.

ಮಕ್ಕಳ ಆರೋಗ್ಯ ಏನಾಯ್ತು? ಮೊದಲ ವರ್ಷದಲ್ಲಿ ವಾಂತಿ ಭೇದಿಗೆ ಸಿಕ್ಕ ಮಕ್ಕಳು ಎಂದಿನ ಕಡೆ ನೂರಕ್ಕೆ 13.2, ತರಬೇತಿ ಕಡೆ 9.1. ಚರ್ಮದ ಕಜ್ಜಿಯೂ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಮಕ್ಕಳು ದೊಡ್ಡವರಾದ ಮೇಲೆ ಬೊಜ್ಜು ಕಡಿಮೆ ಆಯ್ತಾ? ಇಲ್ಲ. ಬುದ್ಧಿ ಪರೀಕ್ಷೆಯಲ್ಲಿ ಆರೂವರೆ ವರ್ಷಕ್ಕೆ ವ್ಯತ್ಯಾಸ ಕಂಡಿತು, ಹದಿನಾರು ವರ್ಷದ ಹೊತ್ತಿಗೆ ಅದು ಬಹುಪಾಲು ಕರಗಿ ಹೋಗಿತ್ತು. ಇಷ್ಟೇ ಸತ್ಯ. ಇಷ್ಟು ಸಾಲದಾ? ಬೆಲಾರೂಸ್‌ನಲ್ಲಿ ಶುದ್ಧ ನೀರು ಇತ್ತು, ಆಸ್ಪತ್ರೆ ಹತ್ತಿರ ಇತ್ತು, ಅಲ್ಲೇ ಭೇದಿ ಇಷ್ಟು ಇಳಿಯಿತು. ನೀರು ಕೆಟ್ಟಿರೋ ಊರಿನಲ್ಲಿ ಅದೇ ಭೇದಿ ಮಗುವಿನ ಪ್ರಾಣದ ಪ್ರಶ್ನೆ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಲೆಕ್ಕ ಹಾಕಿತು. ಜಗತ್ತಿನಲ್ಲಿ ಎಲ್ಲ ಕಡೆ ತಾಯಿ ಹಾಲು ಸರಿಯಾಗಿ ಸಿಕ್ಕಿದ್ರೆ ವರ್ಷಕ್ಕೆ 8,23,000 ಮಕ್ಕಳ ಸಾವು ತಪ್ಪಿಸಬಹುದು. ಸ್ತನ ಕ್ಯಾನ್ಸರಿನಿಂದ ಸಾಯೋ 20,000 ತಾಯಂದಿರನ್ನೂ ಉಳಿಸಬಹುದು.

ನಮ್ಮ ಫೋನ್-ಇನ್ ಕಾರ್ಯಕ್ರಮದಲ್ಲಿ ಮಕ್ಕಳ ಡಾಕ್ಟರನ್ನು ಕೂರಿಸಿಕೊಂಡಿದ್ದಾಗ ಬಂದ ಒಂದು ಕರೆ ಹೇಳ್ತೀನಿ. ಹೆಣ್ಣುಮಗಳು, ಮಗುವಿಗೆ ಇಪ್ಪತ್ತು ದಿನ. "ಸರ್, ನಂಗೆ ಹಾಲು ಸಾಲ್ತಿಲ್ಲ ಅಂತಾರೆ." ಯಾರಮ್ಮಾ ಅಂತಾರೆ? "ಎಲ್ರೂ ಸರ್. ನಮ್ಮತ್ತೆ, ಪಕ್ಕದ್ಮನೆ ಆಂಟಿ. ಮಗು ಅಳುತ್ತಲ್ಲ, ಅದಕ್ಕೆ." ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಒದ್ದೆ ಮಾಡುತ್ತೆ? "ಏಳೆಂಟು ಸಲ." ಹುಟ್ಟಿದಾಗ ಎಷ್ಟು ತೂಕ, ಈಗ ಎಷ್ಟು? ಹೇಳಿದಳು. ತೂಕ ಚೆನ್ನಾಗಿ ಏರಿತ್ತು. ಹಾಲು ಧಾರಾಳವಾಗಿದೆ ತಾಯಿ, ಡಬ್ಬಿ ಯಾಕೆ ತರಿಸಿದ್ರಿ ಅಂದರು ಡಾಕ್ಟರು. ಆ ಕಡೆ ಮಾತೇ ಇಲ್ಲ. ಆಮೇಲೆ ಅಳು ಕೇಳಿಸಿತು, ಮಗುವಿನದ್ದಲ್ಲ.

ಹಾಲು ಬಾವಿ ನೀರಿನ ಹಾಗೆ. ಸೇದಿದಷ್ಟೂ ಊಟೆ ಬಿಡುತ್ತೆ. ಮಗು ಚೀಪಿದಾಗ ಮೆದುಳಿನಿಂದ ಹಾರ್ಮೋನು ಬಿಡುಗಡೆ, ಹಾಲು ತಯಾರಿ. ಎದೆ ಖಾಲಿಯಾದಷ್ಟೂ ಬೇಗ ತುಂಬುತ್ತೆ. ತುಂಬಿಕೊಂಡೇ ಇದ್ದರೆ ದೇಹ ಅಂದುಕೊಳ್ಳುತ್ತೆ, ಓ ಇಷ್ಟೇ ಸಾಕು ಅಂತ. ಈಗ ಡಬ್ಬಿ ಹಾಲು ಒಂದು ಬಾಟಲಿ ಕೊಟ್ಟಿರಿ ಅನ್ಕೊಳ್ಳಿ. ಮಗು ಹೊಟ್ಟೆ ತುಂಬಿ ಮಲಗ್ತು, ಎದೆ ಚೀಪಲಿಲ್ಲ. ಹಾಲು ಕಡಿಮೆ ಆಯ್ತು. ಮರುದಿನ ಎರಡು ಬಾಟಲಿ. ಹತ್ತು ದಿನದಲ್ಲಿ ಅತ್ತೆ ಹೇಳಿದ್ದು ನಿಜ ಆಗಿಬಿಡ್ತು: ಹಾಲಿಲ್ಲ. ಇಲ್ಲದ ರೋಗಕ್ಕೆ ಔಷಧಿ ಕೊಟ್ಟು ರೋಗ ತರಿಸಿಕೊಂಡ ಹಾಗೆ. ಅತ್ತೆಯೂ ಕೆಟ್ಟವಳಲ್ಲ, ಮೊಮ್ಮಗು ಅಳೋದು ನೋಡಲಾಗಲ್ಲ ಅಷ್ಟೇ. ಆ ಹೊತ್ತಿಗೆ ಸರಿಯಾಗಿ ಹೇಳೋರು ಮನೆಗೆ ಬರಬೇಕಿತ್ತು. ಆಶಾ ಕಾರ್ಯಕರ್ತೆಗೆ ಅದು ಕೆಲಸ. ಅವಳಿಗೋ, ಸಮೀಕ್ಷೆ, ಲಸಿಕೆ, ಆ್ಯಪು ತುಂಬೋದು, ಜೊತೆಗೆ ಗೌರವಧನಕ್ಕೆ ಧರಣಿ.

ಡಬ್ಬಿ ವಿಷಯ ಬಂತಲ್ಲ. 1939ರಲ್ಲಿ ಸಿಂಗಾಪುರದಲ್ಲಿ ಸಿಸಿಲಿ ವಿಲಿಯಮ್ಸ್ ಅನ್ನೋ ಮಕ್ಕಳ ಡಾಕ್ಟರು ರೋಟರಿ ಕ್ಲಬ್ಬಿನಲ್ಲಿ ಭಾಷಣ ಮಾಡಿದರು. ಭಾಷಣದ ಹೆಸರೇ "ಹಾಲು ಮತ್ತು ಕೊಲೆ". ಬಡವರಿಗೆ ಡಬ್ಬಿ ಹಾಲು ಒಳ್ಳೆಯದು ಅಂತ ನಂಬಿಸಿ ಮಾರಿ, ಮಕ್ಕಳು ಸತ್ತರೆ ಅದನ್ನು ಕೊಲೆ ಅಂತಲೇ ಕರೀಬೇಕು ಅನ್ನೋ ಅರ್ಥದ ಮಾತು. ಕೇಳಿಸಿಕೊಂಡವರು ಕಡಿಮೆ. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಕಂಪನಿ ವಿರುದ್ಧ ಬಹಿಷ್ಕಾರ ಶುರುವಾಯ್ತು, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಬ್ಬಿ ಹಾಲಿನ ಮಾರಾಟಕ್ಕೆ ನಿಯಮ ತಂದಿತು. ಪರವಾಗಿ 118 ದೇಶ, ವಿರುದ್ಧ ಒಂದೇ ಒಂದು. ಯಾವುದು ಅಂತೀರಾ? ಅಮೆರಿಕ.

ನಮ್ಮ ದೇಶ 1992ರಲ್ಲೇ ಕಾನೂನು ಮಾಡಿತು, 2003ರಲ್ಲಿ ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಬಾಟಲಿ, ಯಾವುದಕ್ಕೂ ಜಾಹೀರಾತು ಕೊಡೋ ಹಾಗಿಲ್ಲ. ಡಬ್ಬಿ ಮೇಲೆ ಮುದ್ದು ಮಗುವಿನ ಚಿತ್ರ ಹಾಕೋ ಹಾಗಿಲ್ಲ. ಪುಕ್ಕಟೆ ಸ್ಯಾಂಪಲ್ ಹಂಚೋ ಹಾಗಿಲ್ಲ, ಡಾಕ್ಟರುಗಳಿಗೆ ಉಡುಗೊರೆ ಕೊಡೋ ಹಾಗಿಲ್ಲ. ನಮ್ಮ ಚಾನೆಲ್ಲಿನಲ್ಲಿ ಸೋಪು, ಸೀರೆ, ಸೈಟು ಎಲ್ಲದರ ಜಾಹೀರಾತು ಬರುತ್ತೆ, ಕೂಸಿನ ಹಾಲಿನ ಪುಡಿಯದ್ದು ಬರಲ್ಲ, ಗಮನಿಸಿದ್ದೀರಾ? ಅದು ನಮ್ಮ ದೊಡ್ಡತನ ಅಲ್ಲ, ಕಾನೂನಿನ ಭಯ. ಆದರೆ ಮೊಬೈಲಿಗೆ ಅಷ್ಟು ಭಯ ಇದ್ದ ಹಾಗಿಲ್ಲ. ಗರ್ಭಿಣಿ ಅಂತ ಒಂದು ಸಲ ಹುಡುಕಿದರೆ ಸಾಕು, ಹಿಂದೆಯೇ "ಅಮ್ಮಂದಿರ ಬಳಗ" ಬರುತ್ತೆ, ಸಲಹೆ ಬರುತ್ತೆ, ಮಾತಿನ ನಡುವೆ ಮೆಲ್ಲಗೆ ಒಂದು ಡಬ್ಬಿ ಬರುತ್ತೆ.

ಡಬ್ಬಿ ಪಾಪ ಅಂತ ನಾನು ಹೇಳ್ತಿಲ್ಲ. ತಾಯಿಗೆ ಕ್ಯಾನ್ಸರ್ ಚಿಕಿತ್ಸೆ ನಡೀತಿರಬಹುದು. ತಾಯಿಯೇ ಇಲ್ಲದಿರಬಹುದು. ಅವಳಿ ಮಕ್ಕಳು, ಹಾಲು ನಿಜವಾಗಿಯೂ ಸಾಲದಿರಬಹುದು. ಆಗ ಡಾಕ್ಟರ್ ಹೇಳಿದ ಹಾಗೆ, ಕುದಿಸಿದ ನೀರಿನಲ್ಲಿ, ಅಳತೆ ತಪ್ಪದೆ ಕೊಡಬೇಕು. ಡಬ್ಬಿ ಬೇಗ ಮುಗಿಯುತ್ತೆ ಅಂತ ತೆಳ್ಳಗೆ ಕಲಸೋದು ಬಡತನ ಮಾಡಿಸೋ ಕೆಲಸ, ಅದರಲ್ಲೇ ಮಗು ಸೊರಗೋದು. ಅಂಥ ತಾಯಿಯನ್ನು ನೋಡಿ ಯಾರಾದರೂ ಮೂಗು ಮುರಿದರೆ ನಾನು ಸುಮ್ಮನಿರಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಇನ್ನೊಂದು ದಾರಿಯೂ ಇದೆ, ಹಾಲಿನ ಬ್ಯಾಂಕು. ರಕ್ತದಾನದ ಹಾಗೆ ಹಾಲು ದಾನ. ಏಷ್ಯಾದಲ್ಲೇ ಮೊದಲನೆಯದು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯ್ತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನ ಕೊಡೋ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಒಂದು ಕಿಲೋ ತೂಗುವ ಕೂಸಿಗೆ ಹನಿ ಹನಿಯಾಗಿ ಕೊಡ್ತಾರೆ. ಅಂಥ ಕೂಸಿನ ಕರುಳು ಕೊಳೆಯುವ ಕಾಯಿಲೆಯನ್ನು ಈ ಹಾಲು ಡಬ್ಬಿ ಹಾಲಿಗಿಂತ ಚೆನ್ನಾಗಿ ತಡೆಯುತ್ತೆ.

ಈಗ ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳ ವಿಷಯ. 2017ರಿಂದ ಹೆರಿಗೆ ರಜೆ 26 ವಾರ, ಮೊದಲ ಎರಡು ಮಕ್ಕಳಿಗೆ. ಕೇಳೋಕೆ ಚೆಂದ, ಆರು ತಿಂಗಳಿಗೆ ಸರಿಹೋಯ್ತು. ಆದರೆ ಕೊನೆ ತಿಂಗಳಲ್ಲಿ ಕಾಲು ಊದಿ, ಬಸ್ಸು ಹತ್ತಲಾಗದೆ ಎಂಟು ವಾರ ಮೊದಲೇ ರಜೆ ತೆಗೆದುಕೊಂಡರೆ, ಹೆರಿಗೆ ಆದ ಮೇಲೆ ಉಳಿಯೋದು 18 ವಾರ. ನಾಲ್ಕು ತಿಂಗಳು ಚಿಲ್ಲರೆ. ಬಾಕಿ ಎರಡು ತಿಂಗಳು ಮಗು ಏನು ಕುಡೀಬೇಕು? ಹಾಲು ಹಿಂಡಿಟ್ಟು ಹೋಗಬಹುದು. ಸ್ವಚ್ಛವಾದ ಪಾತ್ರೆಯಲ್ಲಿ, ಸಾಧಾರಣ ಬಿಸಿಯಲ್ಲಿ ನಾಲ್ಕು ಗಂಟೆ ಕೆಡಲ್ಲ, ಫ್ರಿಜ್ಜಿನಲ್ಲಿ ಒಂದು ದಿನ ಧಾರಾಳವಾಗಿ ಇರುತ್ತೆ. ಕುದಿಸಬೇಡಿ, ಬಿಸಿನೀರಿನಲ್ಲಿ ಬಟ್ಟಲಿಟ್ಟು ಉಗುರುಬೆಚ್ಚಗೆ ಮಾಡಿ. ಬಾಟಲಿಯೂ ಬೇಡ, ಅಜ್ಜಿ ಕಾಲದ ಒಳಲೆ ಅಟ್ಟದ ಮೇಲಿದ್ದರೆ ಇಳಿಸಿ, ತೊಳೆದು ಕುದಿಸಿಟ್ಟುಕೊಳ್ಳಿ. ಬಾಟಲಿ ಮೂಲೆಯಲ್ಲಿ ರೋಗ ಕೂರುತ್ತೆ, ಒಳಲೆಗೆ ಮೂಲೆಯೇ ಇಲ್ಲ.

ಆದರೆ ಆಫೀಸಿನಲ್ಲಿ ಹಾಲು ಹಿಂಡೋದಕ್ಕೆ ಜಾಗ ಎಲ್ಲಿ? ಶೌಚಾಲಯದಲ್ಲಾ? ನೀವು ನಿಮ್ಮ ಊಟದ ಡಬ್ಬಿಯನ್ನು ಅಲ್ಲಿ ಬಿಚ್ಚುತ್ತೀರಾ? 50 ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತ ಕಾನೂನು ಹೇಳುತ್ತೆ. ಮಗುವಿಗೆ 15 ತಿಂಗಳಾಗೋವರೆಗೆ ಹಾಲು ಕೊಡೋಕೆ ಅಂತಲೇ ದಿನಕ್ಕೆ ಎರಡು ಬಿಡುವು ಕೊಡಬೇಕು ಅನ್ನೋದು 1961ರ ಕಾನೂನಿನಲ್ಲೇ ಇತ್ತು. ನೀವು ಕೆಲಸ ಮಾಡೋ ಕಡೆ ಯಾರಾದರೂ ಆ ಬಿಡುವು ತೆಗೆದುಕೊಂಡದ್ದು ನೋಡಿದ್ದೀರಾ? ಇನ್ನು ಹೊಲದಲ್ಲಿ ಕಳೆ ಕೀಳೋಳಿಗೆ, ಕಟ್ಟಡದಲ್ಲಿ ಜಲ್ಲಿ ಹೊರೋಳಿಗೆ, ನಮ್ಮ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯೋಳಿಗೆ ಸಂಬಳದ ಸಮೇತ 26 ವಾರ ರಜೆ ಕೊಟ್ಟವರು ಯಾರೂ ಇಲ್ಲ. ಅವಳು ನಲವತ್ತನೇ ದಿನಕ್ಕೆ ಕೆಲಸಕ್ಕೆ ಬರ್ತಾಳೆ. ಅವಳ ಕೂಸನ್ನು ಎಂಟು ವರ್ಷದ ಅಕ್ಕ ನೋಡಿಕೊಳ್ತಾಳೆ, ಶಾಲೆ ಬಿಟ್ಟು.

ನಮ್ಮ ವರದಿಗಾರನನ್ನು ಒಂದು ಜಿಲ್ಲಾ ಕೇಂದ್ರದ ಬಸ್ ನಿಲ್ದಾಣಕ್ಕೆ ಕಳಿಸಿದ್ದೆ. "ತಾಯಂದಿರು ಹಾಲುಣಿಸುವ ಕೊಠಡಿ" ಅಂತ ಚೆಂದದ ಬೋರ್ಡು ಇದೆ, ಬಾಗಿಲಿಗೆ ಬೀಗ. ಕೀಲಿಕೈ ಯಾರ ಹತ್ರ ಅಂತ ಕೇಳಿದ. ಕಂಟ್ರೋಲರ್ ಹತ್ರ ಅಂದರು. ಕಂಟ್ರೋಲರ್ ಅಂದರು, ಸ್ವಚ್ಛತೆ ಗುತ್ತಿಗೆದಾರನ ಹತ್ರ. ಗುತ್ತಿಗೆದಾರ ಫೋನಿನಲ್ಲಿ ಹೇಳಿದ, ಒಳಗೆ ನಮ್ಮ ಪೊರಕೆ, ಫಿನಾಯಿಲ್ ಇದೆ ಸರ್, ತೆಗೆದಿಟ್ಟರೆ ಕಳುವಾಗುತ್ತೆ. ಹದಿನೈದು ಮಾರು ಆಚೆ ಕಲ್ಲು ಬೆಂಚಿನ ಮೇಲೆ ಒಬ್ಬಳು ಗೋಡೆ ಕಡೆ ಮುಖ ಮಾಡಿಕೊಂಡು, ಸೆರಗು ಮುಚ್ಚಿಕೊಂಡು ಹಾಲು ಕುಡಿಸ್ತಾ ಕೂತಿದ್ದಳು. ಕ್ಯಾಮೆರಾ ಅವಳ ಕಡೆ ತಿರುಗಿಸಬೇಡ ಅಂತ ಹೇಳಿದೆ. ಬೀಗದ ಚಿತ್ರ ಮಾತ್ರ ತೆಗೆದುಕೊಂಡು ಬಂದಿದ್ದಾನೆ. ಅದನ್ನು ಈಗ ತೋರಿಸ್ತೀನಿ, ನೋಡಿ.